ನೋವಿನ ತೂಬು ಯಾರ ಕೈಲಿ?

ನಮ್ಮ ಕೇರಿಯ ಹೆಂಗಸರಿಗೆ ಊರು ಕೊಟ್ಟಿರುವ ಬಿರುದು ಒಂದೇ: ಗಟ್ಟಿ ಜನ. ನಾಟಿಗೆ ಸೊಂಟ ಬಗ್ಗಿಸಿದರೆ ಹೊತ್ತು ಮುಳುಗುವ ತನಕ ಎತ್ತೋದಿಲ್ಲ, ಗಟ್ಟಿ ಜನ. ಜ್ವರ ಬಂದರೂ ಹೊರೆ ಹೊರ್ತಾರೆ, ಗಟ್ಟಿ ಜನ. ಹೆತ್ತು ಬಾಣಂತನ ಮುಗಿಯೋಕೆ ಮುಂಚೆ ಕೂಲಿಗೆ ಬರ್ತಾರೆ, ಗಟ್ಟಿ ಜನ. ಈ ಮಾತಾಡುವವರು ಬೈಯುತ್ತಿಲ್ಲ, ಹೊಗಳುತ್ತಿದ್ದಾರೆ. ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಹೊಗಳಿಕೆಗೆ ಏನು ಮಾಡೋದು? ಕೂಲಿ ಕಡಿಮೆ ಕೊಡೋದಕ್ಕೆ, ಹೆಚ್ಚು ಹೊತ್ತು ದುಡಿಸೋದಕ್ಕೆ ಈ ಹೊಗಳಿಕೆ ಹೇಗೆ ಬಳಕೆಯಾಯಿತು ಎಂಬುದು ನಮಗೆಲ್ಲ ಗೊತ್ತು. ಇದೇ ಹೊಗಳಿಕೆ ಆಸ್ಪತ್ರೆಯ ಪರದೆಯ ಹಿಂದೆ ಏನು ಕೆಲಸ ಮಾಡುತ್ತದೆ ಎಂಬುದರ ಬಗ್ಗೆ ಮಾತಾಡಿದ್ದು ಕಡಿಮೆ. ಅಲ್ಲಿ ಮಲಗಿರುವವಳು ಹೆಂಗಸು, ಅವಳ ಮಾತು ಸೆರಗಿನೊಳಗಿನ ಮಾತು. ಅದು ಸಭೆಗೆ ಬರುವುದಿಲ್ಲ, ಕರಪತ್ರಕ್ಕೂ ಬರುವುದಿಲ್ಲ. ಇವತ್ತು ಅದನ್ನೇ ಬರೆಯಬೇಕು ಅಂತ ಕೂತಿದ್ದೇನೆ.

ನನ್ನ ಊರು ಹರದನಹಳ್ಳಿ. ಹಾಸನ ಜಿಲ್ಲೆ, ಹೊಳೆನರಸೀಪುರ ತಾಲ್ಲೂಕು. ಎಚ್.ಡಿ. ದೇವೇಗೌಡರ ಹೆಸರಿನಲ್ಲಿರುವ ಮೊದಲ ಅಕ್ಷರ ನಮ್ಮೂರು. 1996ರಲ್ಲಿ ಅವರು ಪ್ರಧಾನಿಯಾದಾಗ, ನಾನಿನ್ನೂ ಹುಟ್ಟಿರಲಿಲ್ಲ, ಆ ಒಂದಕ್ಷರ ದೆಹಲಿಯ ಪತ್ರಿಕೆಗಳಲ್ಲೆಲ್ಲ ಅಚ್ಚಾಯಿತು. ನಮ್ಮವ್ವ ಆ ಅಕ್ಷರವನ್ನೂ ಓದಲಾರಳು. ಹೆಬ್ಬೆಟ್ಟಿನವಳು. ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೇ ಮೊದಲು. ಹಾಗಾಗಿ ರೇಷನ್ ಕಾರ್ಡಿನಿಂದ ಹಿಡಿದು ಬ್ಯಾಂಕಿನ ಚೀಟಿಯವರೆಗೆ ಮನೆಯ ಎಲ್ಲ ಕಾಗದ ಓದುವ ಕೆಲಸ ನನ್ನದು. ಕೇರಿಯ ಅರ್ಧ ಮನೆಗಳ ಕಾಗದವೂ ನನ್ನ ಹತ್ತಿರವೇ ಬರುತ್ತದೆ.

ಮುಟ್ಟು ನಿಂತು ಎರಡು ವರ್ಷವಾದ ಮೇಲೆ ಅವ್ವನಿಗೆ ಮತ್ತೆ ರಕ್ತ ಕಾಣಿಸಿಕೊಂಡಿತು. ತಿಂಗಳುಗಟ್ಟಲೆ ಬಚ್ಚಿಟ್ಟಳು. ಕೊನೆಗೆ ಆಸ್ಪತ್ರೆಗೆ ಕರಕೊಂಡು ಹೋದೆ. ಯಾವ ಆಸ್ಪತ್ರೆ ಅನ್ನೋದು ಇಲ್ಲಿ ಬೇಡ. ಹೆಸರು ಬರೆದರೆ ಓದುವವರು ಅದೊಂದರ ಮೇಲೆ ಸಿಟ್ಟು ಮಾಡಿಕೊಂಡು ಉಳಿದವನ್ನೆಲ್ಲ ಮರೆತುಬಿಡಬಹುದು. ಕಾರ್ಡು ನೋಡಿದರು. ಊರು ಕೇಳಿದರು. ಊರಲ್ಲಿ ಮನೆ ಯಾವ ಕಡೆ ಅಂತಲೂ ಕೇಳಿದರು. ‘ಯಾವ ಕಡೆ’ ಎಂಬ ಪ್ರಶ್ನೆಗೆ ಅರ್ಥವೇನು ಅಂತ ಈ ಪತ್ರಿಕೆಯ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಗರ್ಭಚೀಲದ ಒಳಪದರದಿಂದ ಚೂರು ತೆಗೆದು ಪರೀಕ್ಷೆಗೆ ಕಳಿಸಬೇಕು ಅಂದರು. ಮುಟ್ಟು ನಿಂತವಳಿಗೆ ರಕ್ತ ಕಂಡರೆ ಕ್ಯಾನ್ಸರ್ ಇದೆಯೇ ಅಂತ ನೋಡಲೇಬೇಕು, ಅವರು ಹೇಳಿದ್ದು ಸರಿಯೇ. ಕಾಗದವೊಂದರ ಮೇಲೆ ಅವ್ವನ ಹೆಬ್ಬೆಟ್ಟು ಒತ್ತಿಸಿಕೊಂಡರು. ಕೊಡಿ, ಓದಿ ಹೇಳ್ತೀನಿ ಅಂದೆ. “ಐದು ನಿಮಿಷದ ಕೆಲಸ, ಅದ್ರಲ್ಲಿ ಓದೋದೇನಿದೆ” ಅಂದರು. ಪರದೆ ಎಳೆದರು. ನಾನು ಹೊರಗೆ. ಸ್ಟೀಲಿನ ಟ್ರೇ ಸದ್ದಾಯಿತು. ಆಮೇಲೆ ಅವ್ವನ ಬಾಯಿಂದ ಒಂದು ದನಿ ಬಂತು. ಅಪ್ಪ ಸತ್ತ ದಿನವೂ ಆ ದನಿ ಅವಳಿಂದ ಬಂದಿರಲಿಲ್ಲ. ಅದರ ಹಿಂದೆಯೇ ಇನ್ನೊಂದು ದನಿ: “ಮೂರು ಹೆತ್ತವಳು ಇಷ್ಟಕ್ಕೆಲ್ಲ ಕೂಗ್ತಾರೇನಮ್ಮ? ಗಟ್ಟಿ ಜನ ನೀವು. ಸುಮ್ನಿರು.”

ಹೊರಗೆ ಬಂದಾಗ ಅವ್ವ ಬಾಯಲ್ಲಿ ಕಚ್ಚಿಹಿಡಿದಿದ್ದ ಸೆರಗಿನ ತುದಿ ಒದ್ದೆಯಾಗಿತ್ತು. ಬಸ್ಸಿನಲ್ಲಿ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಅಂದಳು: “ನೋವು ಇದ್ದದ್ದೇ ಕಣ್ ಮಗಾ, ತಡ್ಕಬೋದು. ನೋಯ್ತದೆ ಕಣವ್ವಾ ಅಂದ್ರೆ, ಇಲ್ಲ ನೋಯಾಕಿಲ್ಲ ಅಂತ ನಂಗೇ ಹೇಳ್ತಾರಲ್ಲ, ಮೈ ನಂದಾ ಅವ್ರದಾ?”

ಕ್ಯಾನ್ಸರ್ ಇರಲಿಲ್ಲ. ಅಷ್ಟು ನೆಮ್ಮದಿ. ಆದರೆ ಅವ್ವ ಕೇಳಿದ ಪ್ರಶ್ನೆ ಹಾಗೇ ಉಳಿಯಿತು. ಅವಳನ್ನು ನೋಡೋಕೆ ಬಂದ ಹೆಂಗಸರು ಜಗಲಿ ಮೇಲೆ ಕೂತು ತಂತಮ್ಮ ಕತೆ ಬಿಚ್ಚಿದರು. ಚಿಕ್ಕವ್ವ ವಂಕಿ ಹಾಕಿಸಿಕೊಂಡ ದಿನ ಬಸ್‌ಸ್ಟ್ಯಾಂಡಿನಲ್ಲಿ ಕಣ್ಣು ಕತ್ತಲೆ ಬಂದು ಬಿದ್ದಿದ್ದಳಂತೆ. ಪಕ್ಕದ ಮನೆಯ ಅತ್ತೆಗೆ ಬಸಿರು ಇಳಿದುಹೋದಾಗ ‘ಕ್ಲೀನ್’ ಮಾಡಿದ್ದು ಎಚ್ಚರ ಇದ್ದ ಹಾಗೇನೇ. ಇನ್ನೊಬ್ಬಳು, “ನಂಗೂ ಹಂಗೇ ಅಂದ್ರು, ಹೆತ್ತಿಲ್ವಾ ನೀನು ಅಂತ” ಅಂದಳು. ಎಲ್ಲರೂ ಒಂದೇ ಮಾತು ಕೇಳಿಸಿಕೊಂಡು ಬಂದಿದ್ದರು, ಬೇರೆ ಬೇರೆ ಊರಿನ ಆಸ್ಪತ್ರೆಗಳಲ್ಲಿ, ಬೇರೆ ಬೇರೆ ವರ್ಷಗಳಲ್ಲಿ. ಹಾಗಿದ್ದ ಮೇಲೆ ಇದು ಒಬ್ಬ ನರ್ಸಮ್ಮನ ಬಾಯಿಯ ಗುಣ ಆಗಿರೋದಕ್ಕೆ ಸಾಧ್ಯವಿಲ್ಲ. ಹೊರಗೆ ಐವತ್ತು ಜನ ಸಾಲುಗಟ್ಟಿ ನಿಂತಿರುವಾಗ ಅವಳಿಗೂ ಹೊತ್ತಿಲ್ಲ. ಆ ಮಾತನ್ನು ಅವಳಿಗೆ ಕಲಿಸಿದ ವ್ಯವಸ್ಥೆ ಒಂದಿದೆ.

ಗಂಡಸು ಓದುಗರು ಇಲ್ಲಿ ಪುಟ ತಿರುಗಿಸಬಾರದು. ಏನು ಮಾಡುತ್ತಾರೆ ಅಂತ ನೇರವಾಗಿ ಹೇಳುತ್ತೇನೆ. ಸ್ಪೆಕ್ಯುಲಂ ಎಂಬ ಲೋಹದ ಉಪಕರಣದಿಂದ ಯೋನಿಯನ್ನು ಅಗಲಿಸಿ ಹಿಡಿಯುತ್ತಾರೆ. ಒಳಗಿರುವ ಗರ್ಭಕೊರಳನ್ನು ಅಲುಗಾಡದಂತೆ ಎಷ್ಟೋ ಸಲ ಹಲ್ಲಿರುವ ಇಕ್ಕಳದಿಂದ ಕಚ್ಚಿ ಹಿಡಿಯುತ್ತಾರೆ. ಆ ಕೊರಳಿನ ಸಣ್ಣ ಬಾಯಿಯ ಮೂಲಕ ವಂಕಿಯನ್ನೋ, ಚೂರು ತೆಗೆಯುವ ಕೊಳವೆಯನ್ನೋ, ಹಿಸ್ಟರೋಸ್ಕೋಪಿ ಅನ್ನುವ ಕ್ಯಾಮೆರಾ ಕಡ್ಡಿಯನ್ನೋ ಚೀಲದೊಳಕ್ಕೆ ತೂರಿಸುತ್ತಾರೆ. ಇವೆಲ್ಲ ಹೊರರೋಗಿ ವಿಭಾಗದ ಕೆಲಸಗಳು. ಬೆಳಿಗ್ಗೆ ಬಂದು ಮಧ್ಯಾಹ್ನಕ್ಕೆ ಮನೆ ಸೇರಬಹುದು. ಕೆಲವು ಹೆಂಗಸರಿಗೆ ಸಣ್ಣ ಹಿಡಿತದಷ್ಟೇ ಅನ್ನಿಸುತ್ತದೆ, ಕೆಲವರಿಗೆ ಪ್ರಾಣ ಹೋದ ಹಾಗಾಗುತ್ತದೆ. ಗರ್ಭಕೊರಳಿಗೆ ನೋವೇ ಗೊತ್ತಾಗದು ಎಂಬ ಮಾತು ವೈದ್ಯರಲ್ಲಿ ಬಹಳ ಕಾಲ ನಡೆದುಬಂದಿತ್ತು. ಅದು ಸುಳ್ಳು. ಕೊರಳಿಗೂ ಚೀಲಕ್ಕೂ ಬೇರೆ ಬೇರೆ ನರಗಳಿವೆ, ಅವು ಬೆನ್ನುಹುರಿಯ ಬೇರೆ ಬೇರೆ ಮಟ್ಟಗಳಿಗೆ ನೋವಿನ ಸುದ್ದಿ ಒಯ್ಯುತ್ತವೆ.

ಈ ನೋವನ್ನು ಕಡಿಮೆ ಮಾಡೋದಕ್ಕೆ ಹೊರದೇಶಗಳಲ್ಲಿ ಈಗ ಒಂದು ಹೊಸ ಸಾಧನ ಪ್ರಯೋಗದಲ್ಲಿದೆ: ವರ್ಚುವಲ್ ರಿಯಾಲಿಟಿ ಕನ್ನಡಕ. ಮೈಸೂರು ದಸರಾ ವಸ್ತುಪ್ರದರ್ಶನದಲ್ಲಿ ದುಡ್ಡು ಕೊಟ್ಟು ಒಂದು ಸಲ ಹಾಕಿಕೊಂಡಿದ್ದೆ. ಕಣ್ಣಿಗೆ ಪೆಟ್ಟಿಗೆ ಕಟ್ಟಿದ ಹಾಗಿರುತ್ತದೆ. ಒಳಗೆ ಎರಡು ಮಸೂರ, ಅದರ ಹಿಂದೆ ಪುಟ್ಟ ಪರದೆ. ತಲೆ ಯಾವ ಕಡೆ ತಿರುಗಿಸಿದರೂ ಚಿತ್ರವೂ ಆ ಕಡೆ ತಿರುಗುತ್ತದೆ. ಚಿತ್ರ ನೋಡುತ್ತಿದ್ದೇನೆ ಅನ್ನಿಸದೆ ಅಲ್ಲೇ ನಿಂತಿದ್ದೇನೆ ಅನ್ನಿಸುತ್ತದೆ. ಅವತ್ತು ಹೊಸ ಚಪ್ಪಲಿ ಕಚ್ಚಿ ನನ್ನ ಹಿಮ್ಮಡಿ ಉರಿಯುತ್ತಿತ್ತು. ಕನ್ನಡಕದೊಳಗೆ ಇದ್ದ ಮೂರು ನಿಮಿಷ ಆ ಉರಿ ಎಲ್ಲಿ ಹೋಗಿತ್ತೋ. ತೆಗೆದ ಕೂಡಲೇ ಮತ್ತೆ ಬಂತು.

ಇದೇ ಸಂಗತಿಯನ್ನು ಅಮೆರಿಕದ ಸಿಯಾಟಲ್‌ನಲ್ಲಿ ವಾಷಿಂಗ್ಟನ್ ವಿಶ್ವವಿದ್ಯಾಲಯದ ಹಂಟರ್ ಹಾಫ್‌ಮನ್, ಡೇವಿಡ್ ಪ್ಯಾಟರ್ಸನ್ ಎಂಬ ಇಬ್ಬರು 1990ರ ದಶಕದ ಕೊನೆಯ ಹೊತ್ತಿಗೆ ಚಿಕಿತ್ಸೆಯಾಗಿ ಬಳಸಲು ಹೊರಟರು. ಸುಟ್ಟಗಾಯದ ಪಟ್ಟಿ ಬಿಚ್ಚಿ ತೊಳೆಯುವಾಗಿನ ನೋವು ಎಂಥದ್ದು ಅಂತ ಒಲೆಯ ಮುಂದೆ ಬದುಕುವ ಹೆಂಗಸರಿಗೆ ಹೇಳಬೇಕಿಲ್ಲ. ಅಂಥವರಿಗಾಗಿ ಅವರು ‘ಸ್ನೋ ವರ್ಲ್ಡ್’ ಎಂಬ ಹಿಮದ ಲೋಕ ಕಟ್ಟಿಸಿದರು. ಇತ್ತ ನರ್ಸು ಗಾಯ ತೊಳೆಯುತ್ತಿದ್ದರೆ ಅತ್ತ ರೋಗಿ ಹಿಮದ ಕಣಿವೆಯಲ್ಲಿ ತೇಲುತ್ತ ಪೆಂಗ್ವಿನ್ನುಗಳ ಮೇಲೆ ಹಿಮದ ಉಂಡೆ ಎಸೆಯುತ್ತಿರುತ್ತಾನೆ. ನೋವು ಕಡಿಮೆಯಾಯಿತು ಅಂತ ರೋಗಿಗಳು ಹೇಳಿದರು. ಬಾಯಿಮಾತಿಗೆ ಹೇಳುತ್ತಿದ್ದಾರೆಯೇ ಅಂತ ನೋಡಲು ಮಿದುಳಿನ ಚಿತ್ರ ತೆಗೆದರು. ನೋವಿಗೆ ಸಂಬಂಧಪಟ್ಟ ಜಾಗಗಳಲ್ಲಿ ಚಟುವಟಿಕೆಯೇ ಇಳಿದಿತ್ತು. ಆ ಪ್ರಯೋಗ 2004ರಲ್ಲಿ ಪ್ರಕಟವಾಯಿತು.

ಇದು ಹೇಗೆ ಸಾಧ್ಯ ಅಂತ ತಿಳಿಯೋಕೆ 1965ಕ್ಕೆ ಹೋಗಬೇಕು. ರೊನಾಲ್ಡ್ ಮೆಲ್ಜಾಕ್ ಮತ್ತು ಪ್ಯಾಟ್ರಿಕ್ ವಾಲ್ ಎಂಬ ವಿಜ್ಞಾನಿಗಳು ಆ ವರ್ಷ ಒಂದು ಸಿದ್ಧಾಂತ ಮುಂದಿಟ್ಟರು. ಗಾಯದಿಂದ ಹೊರಟ ನೋವಿನ ಸುದ್ದಿ ತಂತಿಯಲ್ಲಿ ಹೋದ ಹಾಗೆ ನೆಟ್ಟಗೆ ಮಿದುಳಿಗೆ ಹೋಗುವುದಿಲ್ಲ, ಬೆನ್ನುಹುರಿಯಲ್ಲಿ ಅದಕ್ಕೊಂದು ಬಾಗಿಲಿದೆ, ಆ ಬಾಗಿಲನ್ನು ಮಿದುಳು ಮೇಲಿನಿಂದಲೇ ತೆರೆಯಬಲ್ಲದು, ಮುಚ್ಚಬಲ್ಲದು ಅಂದರು. ನಾವು ಬಾಗಿಲು ಅನ್ನುವ ಬದಲು ತೂಬು ಅನ್ನಬಹುದು. ಕೆರೆಯಲ್ಲಿ ನೀರು ಎಷ್ಟೇ ಇರಲಿ, ಗದ್ದೆಗೆ ಎಷ್ಟು ಹರಿಯಬೇಕು ಅನ್ನೋದು ತೂಬು ಎಷ್ಟು ಎತ್ತಿದೆ ಅನ್ನೋದರ ಮೇಲೆ. ನಮ್ಮ ಸೀಮೆಯ ಎಷ್ಟೋ ಕೆರೆಗಳಿಗೆ ನೀರುಗಂಟಿ ಕೇರಿಯವನೇ, ಹಾಗಾಗಿ ತೂಬಿನ ಮರ್ಮ ನಮಗೆ ಗೊತ್ತು. ಮೈಯೊಳಗಿನ ಈ ತೂಬನ್ನು ಎತ್ತುವುದು ಭಯ, ಅವಮಾನ, ಒಂಟಿತನ, ಮುಂದೇನಾಗುತ್ತದೋ ಎಂಬ ದಿಗಿಲು. ಇಳಿಸುವುದು ಧೈರ್ಯ, ನಂಬಿಕೆ, ಬೇರೆ ಕಡೆ ತಿರುಗಿದ ಗಮನ. ಕನ್ನಡಕ ಮಾಡುವುದು ಇಷ್ಟೇ. ಮನಸ್ಸಿನ ಗಮನಕ್ಕೂ ಒಂದು ಮಿತಿಯಿದೆ. ಅದರಲ್ಲಿ ಹೆಚ್ಚು ಪಾಲನ್ನು ಬೇರೆ ಲೋಕ ಕಿತ್ತುಕೊಂಡರೆ ನೋವಿಗೆ ಉಳಿಯುವುದು ಕಡಿಮೆ.

ಇದನ್ನೇ ಹೆಂಗಸರ ಹೊರರೋಗಿ ವಿಭಾಗಕ್ಕೂ ತಂದರು. ಇಂಗ್ಲೆಂಡಿನಲ್ಲಿ ಹಿಸ್ಟರೋಸ್ಕೋಪಿಗೆ ಬಂದ 40 ಹೆಂಗಸರ ಮೇಲೆ ನಡೆದ ಪ್ರಯೋಗವೊಂದು 2021ರಲ್ಲಿ ಪ್ರಕಟವಾಯಿತು. ಚೀಟಿ ಎತ್ತಿದ ಹಾಗೆ ಅವರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಎಂದಿನ ಆರೈಕೆಯ ಜೊತೆ ಕನ್ನಡಕವನ್ನೂ ಕೊಟ್ಟರು. ಸೊನ್ನೆಯಿಂದ ಹತ್ತರವರೆಗಿನ ಅಳತೆಯಲ್ಲಿ, ಕನ್ನಡಕ ಇಲ್ಲದವರ ನೋವಿನ ಸರಾಸರಿ 6. ಇದ್ದವರದು 3.7. ದಿಗಿಲೂ ಕಡಿಮೆಯಾಗಿತ್ತು. ಬೇರೆ ಕಡೆ ನಡೆದ ಎಲ್ಲ ಪ್ರಯೋಗಗಳಲ್ಲೂ ಇಷ್ಟು ಫಲ ಕಂಡಿಲ್ಲ ಅನ್ನುವುದನ್ನೂ ಹೇಳಬೇಕು. ಕೆಲವರಿಗೆ ತಲೆಸುತ್ತು ಬರುತ್ತದೆ, ಕೆಲವರಿಗೆ ಕಣ್ಣು ಮುಚ್ಚಿಸಿಕೊಳ್ಳೋದೇ ಭಯ. ಹಾಗಾಗಿ ಇದು ಮಂತ್ರವಲ್ಲ. ಆದರೆ ಆ 6 ಮತ್ತು 3.7ರ ನಡುವೆ ನನಗೆ ಕಂಡದ್ದು ಬೇರೊಂದು ಸಂಗತಿ. ಯಾರೋ ಆ ಹೆಂಗಸರನ್ನು ‘ಎಷ್ಟು ನೋಯ್ತಮ್ಮ’ ಅಂತ ಕೇಳಿದ್ದಾರೆ. ಕೇಳಿ, ಅವರು ಹೇಳಿದ್ದನ್ನು ಹೇಳಿದ ಹಾಗೇ ಬರೆದುಕೊಂಡಿದ್ದಾರೆ. ಅವ್ವನನ್ನು ಯಾರೂ ಕೇಳಲಿಲ್ಲ. ಕೇಳದೆಯೇ ಉತ್ತರ ಬರೆದಿಟ್ಟಿದ್ದರು: ಗಟ್ಟಿ ಜನ.

ಈ ಉತ್ತರಕ್ಕೆ ದೊಡ್ಡ ಚರಿತ್ರೆಯಿದೆ, ಅದು ನಮ್ಮ ದೇಶದ್ದು ಮಾತ್ರವಲ್ಲ. ಗರ್ಭಕೊರಳು ನೋಡಲು ಬಳಸುವ ಒಂದು ಬಗೆಯ ಸ್ಪೆಕ್ಯುಲಂಗೆ ‘ಸಿಮ್ಸ್’ ಅಂತ ಹೆಸರು. ನಮ್ಮ ಆಸ್ಪತ್ರೆಗಳ ಟ್ರೇಗಳಲ್ಲೂ ಇವತ್ತಿಗೂ ಇದೆ. ಆ ಹೆಸರು ಅಮೆರಿಕದ ಅಲಬಾಮಾ ಪ್ರಾಂತದ ಮ್ಯಾರಿಯನ್ ಸಿಮ್ಸ್ ಎಂಬ ವೈದ್ಯನದು. 1845ರಿಂದ 1849ರವರೆಗೆ ಅವನು ಗುಲಾಮ ಹೆಂಗಸರ ಮೇಲೆ ಶಸ್ತ್ರಚಿಕಿತ್ಸೆ ಮಾಡಿ ಮಾಡಿ ವಿದ್ಯೆ ಕಲಿತ. ಅವರಲ್ಲಿ ಮೂವರ ಹೆಸರು ಉಳಿದಿದೆ: ಅನಾರ್ಕಾ, ಬೆಟ್ಸಿ, ಲೂಸಿ. ಅನಾರ್ಕಾ ಒಬ್ಬಳ ಮೇಲೇ ಸುಮಾರು 30 ಸಲ. 1846ರ ಅಕ್ಟೋಬರಿನಲ್ಲಿ ಬಾಸ್ಟನ್ ನಗರದಲ್ಲಿ ಈಥರ್ ಎಂಬ ಅರಿವಳಿಕೆಯನ್ನು ಎಲ್ಲರೆದುರು ತೋರಿಸಿದ್ದಾಯಿತು. ಆಮೇಲೂ ಸಿಮ್ಸ್ ಈ ಹೆಂಗಸರಿಗೆ ಅರಿವಳಿಕೆ ಕೊಡಲಿಲ್ಲ. ಅವರ ಒಪ್ಪಿಗೆಯ ಪ್ರಶ್ನೆಯೇ ಇರಲಿಲ್ಲ, ಅವರು ಇನ್ನೊಬ್ಬರ ಆಸ್ತಿ. ನ್ಯೂಯಾರ್ಕಿನ ಉದ್ಯಾನದಲ್ಲಿ ಅವನಿಗೊಂದು ಪ್ರತಿಮೆ ಇತ್ತು. ಜನ ಹೋರಾಡಿ 2018ರಲ್ಲಿ ಅದನ್ನು ಅಲ್ಲಿಂದ ತೆಗೆಸಿದರು. ಪ್ರತಿಮೆ ಹೋದರೂ ನಂಬಿಕೆ ಹೋಗಲಿಲ್ಲ. 2016ರಲ್ಲಿ ಪ್ರಕಟವಾದ ವರ್ಜೀನಿಯಾದ ಅಧ್ಯಯನವೊಂದರಲ್ಲಿ, ಬಿಳಿಯ ವೈದ್ಯ ವಿದ್ಯಾರ್ಥಿಗಳು ಮತ್ತು ಕಿರಿಯ ವೈದ್ಯರಲ್ಲಿ ಸುಮಾರು ಅರ್ಧ ಮಂದಿ ಕರಿಯರ ಮೈಯ ಬಗ್ಗೆ ಒಂದಲ್ಲ ಒಂದು ಸುಳ್ಳನ್ನು ನಂಬಿದ್ದರು. ಕರಿಯರ ಚರ್ಮ ದಪ್ಪ ಅನ್ನೋದು ಅಂಥದ್ದೊಂದು. ದಪ್ಪ ಚರ್ಮ ಅನ್ನೋದು ಅಲ್ಲಿಯ ಮಾತು. ಗಟ್ಟಿ ಜನ ಅನ್ನೋದು ಇಲ್ಲಿಯ ಮಾತು.

ಇಲ್ಲಿ ಆ ಮಾತು ಏನು ಮಾಡಿದೆ? 2012ರ ಜನವರಿಯಲ್ಲಿ ಬಿಹಾರದ ಅರಾರಿಯಾ ಜಿಲ್ಲೆಯ ಕಪರ್‌ಫೋರಾ ಎಂಬಲ್ಲಿ ಸರ್ಕಾರಿ ಶಾಲೆಯೊಳಗೆ ರಾತ್ರಿ ಹೊತ್ತು ಎರಡೇ ಗಂಟೆಯಲ್ಲಿ 53 ಹೆಂಗಸರಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿದರು. 2014ರ ನವೆಂಬರಿನಲ್ಲಿ ಛತ್ತೀಸಗಡದ ಬಿಲಾಸಪುರದ ಬಳಿ ಒಂದೇ ಶಿಬಿರದಲ್ಲಿ ಕೆಲವೇ ಗಂಟೆಗಳಲ್ಲಿ 83 ಹೆಂಗಸರಿಗೆ ಮಾಡಿದರು. ಹತ್ತಕ್ಕೂ ಹೆಚ್ಚು ಹೆಂಗಸರು ಸತ್ತರು. ದೇವಿಕಾ ಬಿಸ್ವಾಸ್ ಎಂಬುವರು ಹೂಡಿದ್ದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 2016ರ ಸೆಪ್ಟೆಂಬರಿನಲ್ಲಿ ಇಂಥ ಶಿಬಿರಗಳನ್ನು ಮೂರು ವರ್ಷದೊಳಗೆ ನಿಲ್ಲಿಸಬೇಕೆಂದು ಹೇಳಿತು. ನಮ್ಮ ಕಲಬುರಗಿಯ ತಾಂಡಾಗಳಲ್ಲಿ, ದಲಿತ ಕೇರಿಗಳಲ್ಲಿ, ಬಿಳಿಸೆರಗು, ಹೊಟ್ಟೆನೋವು ಅಂತ ಹೋದ ಹೆಂಗಸರ ಗರ್ಭಚೀಲವನ್ನೇ ಬೇಕಿಲ್ಲದೆ ತೆಗೆದುಹಾಕಿದ ಸಂಗತಿ 2015ರಲ್ಲಿ ದೊಡ್ಡ ಸುದ್ದಿಯಾಯಿತು. ಕರ್ನಾಟಕ ಜನಾರೋಗ್ಯ ಚಳುವಳಿಯವರು ಆ ಹೆಂಗಸರ ಜೊತೆ ನಿಂತು ಅದನ್ನು ಬಯಲಿಗೆಳೆದರು. ಇನ್ನು, 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ನೋಡಿ. ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಮದುವೆಯಾದ ಹೆಂಗಸರಲ್ಲಿ ನೂರಕ್ಕೆ 57 ಮಂದಿ ಆಪರೇಶನ್ ಮಾಡಿಸಿಕೊಂಡವರು. ಗಂಡಸರ ಲೆಕ್ಕ ನೂರಕ್ಕೆ ಒಂದೂ ಇಲ್ಲ. ಮಕ್ಕಳು ಇಬ್ಬರದು, ನೋವು ಒಬ್ಬಳದು.

ಇಷ್ಟು ಗೊತ್ತಿದ್ದ ಮೇಲೆ ಆ ಕನ್ನಡಕವನ್ನು ಕಂಡು ಕೈತಟ್ಟೋಕೆ ಮೊದಲು ಒಂದು ಅನುಮಾನ ಬರುತ್ತದೆ. ಬರಬೇಕು. ಬಿಲಾಸಪುರದಂಥ ಶಿಬಿರದಲ್ಲಿ 83 ಹೆಂಗಸರಿಗೂ ಒಂದೊಂದು ಕನ್ನಡಕ ಕಟ್ಟಿದ್ದರೆ ಏನಾಗುತ್ತಿತ್ತು? ಕೂಗು ಕಡಿಮೆಯಾಗುತ್ತಿತ್ತು. ಕೆಲಸ ಇನ್ನೂ ಬೇಗ ಮುಗಿಯುತ್ತಿತ್ತು. ಸಾವು ತಪ್ಪುತ್ತಿರಲಿಲ್ಲ. ಕೇರಿಯ ಹೆಂಗಸಿನ ಕಣ್ಣಿಗೆ ಏನನ್ನಾದರೂ ಕಟ್ಟುವಾಗ, ಕಟ್ಟುವ ಕೈ ಯಾರದು, ಅವಳು ಬೇಕು ಅಂದಳೋ ಇಲ್ಲವೋ, ಅವಳು ಬೇಡ ಅಂದರೆ ಬಿಚ್ಚುತ್ತಾರೋ ಇಲ್ಲವೋ ಅಂತ ನಾವು ಕೇಳಲೇಬೇಕು. ಎರಡನೆಯ ಅನುಮಾನ ಕಾಸಿನದು. ಹಲ್ಲು ಕೀಳುವಾಗ ದವಡೆಗೆ ಮರಗಟ್ಟಿಸುವ ಇಂಜೆಕ್ಷನ್ ಕೊಡದೆ ಯಾವ ವೈದ್ಯನೂ ಇಕ್ಕಳ ಎತ್ತುವುದಿಲ್ಲ. ಅದೇ ಬಗೆಯ ಲಿಗ್ನೊಕೇನ್ ಔಷಧವನ್ನು ಗರ್ಭಕೊರಳಿನ ಸುತ್ತ ಕೊಡುವ ಪದ್ಧತಿ ಎಂದಿನಿಂದಲೋ ಇದೆ. ಹೊಸದೂ ಅಲ್ಲ, ಬೆಲೆಯೂ ಹೆಚ್ಚಲ್ಲ. ಅದನ್ನು ಕೊಡದೆ ಉಳಿಸಿ, ಕನ್ನಡಕ ಕಟ್ಟಿ, ಫೋಟೋ ಹೊಡೆಸಿಕೊಂಡರೆ ಅದು ಕಣ್ಕಟ್ಟೇ ಸರಿ.

ಆದರೂ ನಾನು ಕನ್ನಡಕವನ್ನು ಎಸೆಯಿರಿ ಅನ್ನೋದಿಲ್ಲ. ಶ್ರೀಮಂತರ ಆಸ್ಪತ್ರೆಗೆ ಬರುವ ಯಾವ ಸುಖವೂ ನಮ್ಮವರಿಗೆ ಅತಿಯಾಯಿತು ಎಂದು ನಾವೇ ಹೇಳಿಕೊಳ್ಳಬಾರದು. ಒಂದು ಸಂಜೆ ಅವ್ವನಿಗೆ ಇದನ್ನೆಲ್ಲ ವಿವರಿಸಿದೆ. ಹಂಗೆ ಕನ್ನಡಕ ಹಾಕಿದ್ರೆ ನಿಂಗೆ ಏನು ತೋರಿಸಬೇಕವ್ವ, ನಮ್ಮ ಹೊಲ ಗದ್ದೆ ತೋರ್ಸಣವಾ ಅಂದೆ. ನಕ್ಕಳು. “ಹೊಲ ತೋರ್ಸಿದ್ರೆ ಅಲ್ಲೂ ಕಳೆ ಕೀಳೋದೇ ಕಾಣ್ತದೆ” ಅಂದಳು. ಕೆರೆ ಏರಿ? “ಯಾವ್ ಮೆಟ್ಲಲ್ಲಿ ಇಳೀಬಾರ್ದು ಅಂತ ಗ್ಯಾನ ಬತ್ತದೆ.” ದೇವಸ್ಥಾನ? ಅದಕ್ಕೆ ಉತ್ತರವನ್ನೇ ಕೊಡಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು, “ಸಮುದ್ರ ಅಂತಾರಲ್ಲ, ಅದ್ ತೋರ್ಸು. ಅಲ್ಲಿ ಯಾರ ಗದ್ದೇನೂ ಇಲ್ವಂತಲ್ಲ” ಅಂದಳು. ಹಿಮದ ಲೋಕ ಕಟ್ಟಿದವರಿಗೆ ಈ ಉತ್ತರ ಹೊಳೆಯಲು ಸಾಧ್ಯವಿಲ್ಲ. ಮನಸ್ಸಿಗೆ ಹಾಯಾಗುವ ಜಾಗ ಯಾವುದು ಅನ್ನುವುದರಲ್ಲೂ ಜಾತಿ ಇದೆ. ಒಂದು ದಿನ ಇಂಥ ಸಾಧನ ನಮ್ಮ ತಾಲ್ಲೂಕುಗಳಿಗೂ ಬಂದರೆ, ಅದರೊಳಗಿನ ಲೋಕವನ್ನು ಕಟ್ಟುವ ಕಡೆ ನಮ್ಮ ಹೆಣ್ಣುಮಕ್ಕಳೂ ಕೂತಿರಬೇಕು.

ಅಲ್ಲಿಯವರೆಗೆ ಏನು ಮಾಡೋದು? ತೂಬನ್ನು ಇಳಿಸುವ ವಿದ್ಯೆ ನಮ್ಮಲ್ಲಿ ಇತ್ತು ಅನ್ನೋದನ್ನು ನೆನೆಯಬೇಕು. ಪಾವಗಡದ ಸೂಲಗಿತ್ತಿ ನರಸಮ್ಮ 15 ಸಾವಿರಕ್ಕೂ ಹೆಚ್ಚು ಹೆರಿಗೆ ಮಾಡಿಸಿದರು, 2018ರಲ್ಲಿ ಅವರಿಗೆ ಪದ್ಮಶ್ರೀ ಬಂತು, ಅದೇ ವರ್ಷದ ಡಿಸೆಂಬರಿನಲ್ಲಿ ತೀರಿಕೊಂಡರು. ನಮ್ಮ ಊರುಗಳಲ್ಲಿ ಬಹುಮಾನ ಕಾಣದೆ ಹೋದ ಸೂಲಗಿತ್ತಿಯರು ಎಷ್ಟೋ ಮಂದಿ, ಬಹಳ ಮಂದಿ ಕೇರಿಯವರೇ. ಹಗಲು ಹೊತ್ತು ಹೊಸಿಲು ದಾಟಿಸದ ಮನೆಗಳು ನಡುರಾತ್ರಿಯಲ್ಲಿ ಅವರನ್ನು ಒಳಕೋಣೆಗೇ ಕರೆದವು. ಸೂಲಗಿತ್ತಿ ಸೊಂಟ ನೀವುತ್ತಿದ್ದಳು, ಕತೆ ಹೇಳುತ್ತಿದ್ದಳು, ಹಾಡುತ್ತಿದ್ದಳು, ‘ಇನ್ನೊಂದೇ ಒಂದು ಕಣವ್ವ, ಆಯ್ತು’ ಅನ್ನುತ್ತಿದ್ದಳು. ಹಳೆಯ ಪದ್ಧತಿಗೆ ಹಿಂದಿರುಗಿ ಅಂತ ನಾನು ಹೇಳುತ್ತಿಲ್ಲ. ಆಸ್ಪತ್ರೆ ಹೆರಿಗೆಯಿಂದ ಎಷ್ಟೋ ತಾಯಂದಿರು ಉಳಿದಿದ್ದಾರೆ. ಆದರೆ ಆ ಕೈ, ಆ ಮಾತು ಔಷಧಿಯಾಗಿದ್ದವು. ಹೊರದೇಶದ ವೈದ್ಯರೂ ಈಗ ಮಾತಿನ ಅರಿವಳಿಕೆ ಅನ್ನುತ್ತಾರೆ: ಪರೀಕ್ಷೆ ನಡೆಯುವಷ್ಟು ಹೊತ್ತೂ ಒಬ್ಬರು ತಲೆಯ ಬಳಿ ಕೂತು, ಕೈ ಹಿಡಿದು ಮಾತಾಡಿಸುತ್ತಾ ಇರೋದು. ಅವ್ವನಿಗೆ ಆ ದಿನ ಸಿಕ್ಕಿದ್ದು ಇದರ ತಿರುವುಮುರುವು. ‘ಸುಮ್ನಿರು’ ಅಂತ ಗದರಿದಾಗ ಅವಳ ತೂಬನ್ನು ಇನ್ನೂ ಮೇಲಕ್ಕೆ ಎತ್ತಿದರು. ಅವಮಾನ ಮನಸ್ಸಿಗೆ ಮಾತ್ರ ಆಗುತ್ತದೆ ಅಂತ ಇಷ್ಟು ದಿನ ಹೇಳಿಕೊಂಡು ಬಂದೆವು. ಅದು ಮೈಗೂ ಆಗುತ್ತದೆ, ನರದಲ್ಲೇ ಆಗುತ್ತದೆ, ನೋವಿನ ಅಳತೆಯಲ್ಲೇ ಕಾಣುತ್ತದೆ. ಕನ್ನಡಕದ ವಿಜ್ಞಾನದಿಂದ ನಾವು ಮೊದಲು ತೆಗೆದುಕೊಳ್ಳಬೇಕಾದ್ದು ಈ ತಿಳಿವಳಿಕೆ. ಮರ್ಯಾದೆ ಕೊಟ್ಟು ಮಾತಾಡಿಸಿ ಅಂತ ಆಸ್ಪತ್ರೆಯಲ್ಲಿ ಕೇಳುವುದು ಉಪಚಾರ ಬೇಡಿದಂತಲ್ಲ, ಚಿಕಿತ್ಸೆ ಕೇಳಿದಂತೆ.

1928ರಲ್ಲಿ ಮುಂಬಯಿಯ ಶಾಸನಸಭೆಯಲ್ಲಿ ಕಾರ್ಖಾನೆ ಹೆಂಗಸರ ಹೆರಿಗೆ ಭತ್ಯೆಯ ಮಸೂದೆ ಬಂದಾಗ ಬಾಬಾಸಾಹೇಬ್ ಅಂಬೇಡ್ಕರ್ ಅದರ ಪರವಾಗಿ ನಿಂತು ಮಾತಾಡಿದರು. ಬಸುರಿ ಹೆಂಗಸಿನ ದಣಿವು ಶಾಸನಸಭೆಯಲ್ಲಿ ಚರ್ಚೆಯಾಗಬೇಕಾದ ವಿಷಯ ಅಂತ ಅವರಿಗೆ ಅನ್ನಿಸಿತು. ಪರದೆಯ ಹಿಂದಿನ ಈ ನೋವು ಗ್ರಾಮಸಭೆಗಾದರೂ ಬರಬೇಡವೇ?

ಕೇಳಬೇಕಾದ್ದು ದೊಡ್ಡದೇನಲ್ಲ. 2024ರಲ್ಲಿ ಅಮೆರಿಕದ ಸರ್ಕಾರಿ ರೋಗನಿಯಂತ್ರಣ ಕೇಂದ್ರ, ವಂಕಿ ಹಾಕುವ ಮುಂಚೆ ನೋವಿನ ಬಗ್ಗೆ ಪ್ರತಿ ಹೆಂಗಸಿನ ಹತ್ತಿರ ಮಾತಾಡಿ, ಮರಗಟ್ಟಿಸುವ ಔಷಧ ಉಪಯೋಗಕ್ಕೆ ಬರಬಹುದು ಅಂತ ವೈದ್ಯರಿಗೆ ತಿಳಿಸಿತು. 2025ರಲ್ಲಿ ಅಲ್ಲಿಯ ಪ್ರಸೂತಿ ತಜ್ಞರ ಸಂಘವೂ ಇಂಥ ಪರೀಕ್ಷೆಗಳೆಲ್ಲದರಲ್ಲೂ ನೋವು ತಗ್ಗಿಸುವ ದಾರಿಗಳನ್ನು ಹೆಂಗಸಿನ ಮುಂದಿಡಬೇಕು ಅಂದಿತು. ನಮ್ಮ ಕೇಂದ್ರ ಸರ್ಕಾರವೇ 2016ರಲ್ಲಿ ಹೆರಿಗೆ ಕೋಣೆಯೊಳಗೆ ಜೊತೆಗೊಬ್ಬ ಹೆಂಗಸು ಇರಬಹುದು ಅಂತ ಒಪ್ಪಿದೆ. ಹೆರಿಗೆಗೆ ಆಗುವುದಾದರೆ ಪರೀಕ್ಷೆಗೆ ಯಾಕಾಗಬಾರದು? ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೂ ತಾಲ್ಲೂಕು ಆಸ್ಪತ್ರೆಗೂ ಆರೋಗ್ಯ ರಕ್ಷಾ ಸಮಿತಿ ಅಂತ ಒಂದಿದೆ. ಅದರಲ್ಲಿ ಯಾರಿದ್ದಾರೆ ಅಂತ ವಿದ್ಯಾರ್ಥಿ ಗೆಳೆಯರು ಹೋಗಿ ಕೇಳಲಿ. ಹಳ್ಳಿಯ ಮೇಷ್ಟ್ರುಗಳು, ಟೀಚರಮ್ಮಂದಿರು ಹೈಸ್ಕೂಲಿನ ಹೆಣ್ಣುಮಕ್ಕಳಿಗೆ ಗರ್ಭಚೀಲದ ಚಿತ್ರ ಇರುವ ಪಾಠವನ್ನು ಹಾರಿಸದೆ ಹೇಳಿಕೊಡಲಿ. ನಾಳೆ ತಂತಮ್ಮ ಅವ್ವಂದಿರ ಕಾಗದ ಓದುವವರು ಅವರೇ.

ನಮ್ಮ ಕೇರಿಯಲ್ಲಿ ಒಂದು ಅರ್ಜಿ ತಯಾರಾಗಿದೆ. ಜಗಲಿ ಮೇಲೆ ಕತೆ ಹೇಳಿದ ಹೆಂಗಸರೇ ಹೇಳಿ ಬರೆಸಿದ್ದು, ನಾನು ಬರೆದುಕೊಟ್ಟೆ. ಐದು ಮಾತುಗಳಿವೆ. ಹೆಬ್ಬೆಟ್ಟು ಒತ್ತಿಸಿಕೊಳ್ಳುವ ಮುಂಚೆ ಕಾಗದವನ್ನು ಕನ್ನಡದಲ್ಲಿ ಓದಿ ಹೇಳಬೇಕು. ನೋವಿನ ಮಾತ್ರೆಯನ್ನು ಮುಂಚಿತವಾಗಿ ಕೊಡಬೇಕು, ಬೇಕಾದವರಿಗೆ ಮರಗಟ್ಟಿಸುವ ಔಷಧ ಕೊಡಬೇಕು. ಜೊತೆಗೆ ಬಂದ ಹೆಂಗಸನ್ನು ಪರದೆಯೊಳಗೆ ಬಿಡಬೇಕು. ನಿಲ್ಲಿಸಿ ಅಂದರೆ ನಿಲ್ಲಿಸಬೇಕು. ಐದನೆಯದನ್ನು ಅವ್ವ ಹೇಳಿದಳು: ನೋಯುತ್ತದೆ ಎಂದು ನಾವು ಹೇಳಿದರೆ, ನೋಯುತ್ತದೆ ಎಂದೇ ಬರೆದುಕೊಳ್ಳಬೇಕು. ಹದಿನೇಳು ಹೆಬ್ಬೆಟ್ಟು, ಆರು ಸಹಿ ಬಿದ್ದಿವೆ. ಮುಂದಿನ ಗ್ರಾಮಸಭೆಯಲ್ಲಿ ಓದುತ್ತೇವೆ. ನಿಮ್ಮೂರಲ್ಲೂ ಇಂಥದ್ದೊಂದು ಬರೆಸಿ.